ಅಡಿಕೆ ಸಿಪ್ಪೆಯಲ್ಲಿ ಹೂತುಹೋದ ಮೊಟ್ಟೆ

ಕೋಳಿ ಕಂಡರೆ ನನಗೆ ಈಗಲೂ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೊನೆಗೆ ನಾನು ಕೋಳಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುದ್ದಾಡುತ್ತೇನೆಂದು ಓದುವವರು ಕಾಯುತ್ತಾರೆ. ಅದರ ಹಿಕ್ಕೆಯ ನಾತ, ಹುರುಪೆಯೆದ್ದ ಕಾಲು, ಕದ್ದವರ ಹಾಗೆ ಓರೆಯಾಗಿ ನೋಡುವ ಕಣ್ಣು, ಯಾವುದೂ ನನಗೆ ಸೇರದು. ನಮ್ಮದು ಲಿಂಗಪೂಜೆಯ ಮನೆ. ಮೊಟ್ಟೆ ಮಾರುವ ಅಂಗಡಿಯಲ್ಲಿ ನಾನು ಬೆಲ್ಲವನ್ನೂ ಕೊಳ್ಳುತ್ತಿರಲಿಲ್ಲ. ಅಂಥವಳ ಹಿತ್ತಲಿಗೆ ಕೋಳಿ ಬಂದದ್ದು ಚೇಳಿನ ದೆಸೆಯಿಂದ.

ದುರ್ಗದ ಚಂದ್ರವಳ್ಳಿ ಕಡೆ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುವಾಗ ಗಾಳಿ ಬೆಳಕು ನೋಡಿದೆವು, ನೀರು ನೋಡಿದೆವು. ಬಂಡೆಯ ಸಂದಿಯಲ್ಲಿ ನಮಗಿಂತ ಮೊದಲು ಯಾರು ಮನೆ ಮಾಡಿದ್ದಾರೆಂದು ನೋಡಲಿಲ್ಲ. ಚಪ್ಪಲಿಯಲ್ಲಿ ಚೇಳು, ಬಚ್ಚಲ ಮೂಲೆಯಲ್ಲಿ ಚೇಳು, ಒಣಗಿಸಿ ತಂದ ಟವೆಲ್ಲಿನ ಮಡಿಕೆಯಲ್ಲಿ ಚೇಳು. ಒಂದು ಬೆಳಿಗ್ಗೆ ನಮ್ಮ ಯಜಮಾನರಿಗೆ ಕುಟುಕಿ, ಅವರು ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದರು. ಅದೇ ಹೊತ್ತಿಗೆ ಹೊಳಲ್ಕೆರೆಗೆ ಕೊಟ್ಟ ನಮ್ಮ ಒಬ್ಬಳೇ ಮಗಳು ಬಸುರಿ ಎಂದು ಸುದ್ದಿ ಬಂತು. ಮೊದಲ ಬಾಣಂತನ ತವರಿನಲ್ಲಿ ಆಗಬೇಕು, ಅದು ನನ್ನ ಹಕ್ಕು. ನಾನು ಆಗಲೇ ಹಳೆ ಪಂಚೆಗಳನ್ನು ಒಗೆದು ಮಡಿಸಿಡಲು ಶುರುಮಾಡಿದ್ದೆ. ಆದರೆ ಮಗಳು ಫೋನಿನಲ್ಲಿ ರಾಗ ಎಳೆದಳು.

"ಅಲ್ಲಿ ಚೇಳು ಅದಾವಲ್ಲಮ್ಮ. ಅತ್ತೆ ಬ್ಯಾಡ ಅಂತಾರೆ. ಇಲ್ಲೇ ಇರ್ತೀನಿ ಬಿಡು."

ನನ್ನ ಬೀಗಿತ್ತಿಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಮಗಳ ಬಾಣಂತನವನ್ನು ಕಿತ್ತುಕೊಳ್ಳಲು ಇವರಿಗೆ ಒಂದು ಚೇಳು ಸಾಕಾಯಿತೇ ಎಂದು ದಿನವಿಡೀ ಗೊಣಗಿದೆ. ಎದುರು ಮನೆಯಾಕೆ ಕೇಳಿಸಿಕೊಂಡು ಉಪಾಯ ಹೇಳಿದಳು.

"ನಾಟಿ ಕೋಳಿ ಬಿಡ್ರಿ ಅಕ್ಕ. ಚೇಳು ಕಂಡ್ರೆ ಕೊಂಡಿ ಸಮೇತ ನುಂಗ್ತವೆ."

ಯಜಮಾನರು ಹಿರಿಯೂರಿನ ಸಂತೆಗೆ ಹೋದರು. ಹುಂಜ ತಂದರೆ ಕೂಗಿ ಬಡಾವಣೆಯವರನ್ನೆಲ್ಲ ಎಬ್ಬಿಸುತ್ತದೆ ಎಂದು ಪ್ರಾಯದ ಹೇಂಟೆಗಳನ್ನೇ ಆರಿಸಿ ತಂದರು. ಅವುಗಳ ಕಾಲಿಗೆ ಕಟ್ಟಿದ ಹಗ್ಗ ಬಿಚ್ಚುವಾಗ ನನಗೆ ಅನುಮಾನ ಬಂತು. ಇವು ಮೊಟ್ಟೆ ಇಟ್ಟರೆ ಗತಿಯೇನು?

"ಲೇ, ಹುಂಜ ಇಲ್ದೆ ಎಲ್ಲಿ ಮೊಟ್ಟೆ ಇಡ್ತಾವೆ? ಅಷ್ಟೂ ತಿಳಿಯಲ್ವಾ ನಿಂಗೆ?" ಎಂದರು.

ಅವರು ಡಿಗ್ರಿ ಓದಿದವರು, ನಾನೂ ಓದಿದವಳು. ಇಬ್ಬರೂ ಇದನ್ನು ನಂಬಿದೆವು. ಕೋಳಿಯನ್ನು ಬಾಯಿಗೂ ಮನೆಗೂ ಸೇರಿಸದೆ ಬೆಳೆದವರಿಗೆ ಮಾತ್ರ ಬರುವ ಬುದ್ಧಿ ಇದು. ಆಮೇಲೆ ವಿಷಯ ತಿಳಿದ ಎದುರು ಮನೆಯಾಕೆ ನಮ್ಮ ಕಟ್ಟೆಯ ಮೇಲೆ ಕುಕ್ಕರಿಸಿ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

ಚೇಳಿನ ವಿಷಯದಲ್ಲಿ ಅವು ಕೆಲಸಗಾರ ಕೋಳಿಗಳೇ. ಕಲ್ಲು ಕೆದರಿ, ಹಿಡಿದು, ನೆಲಕ್ಕೆ ಬಡಿದು ನುಂಗುತ್ತಿದ್ದವು. ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ, ಆದರೂ ನುಂಗಿದ ಒಂದೊಂದು ಚೇಳಿನ ಸುದ್ದಿಯನ್ನೂ ಹೊಳಲ್ಕೆರೆಗೆ ಫೋನು ಮಾಡಿ ಮುಟ್ಟಿಸುತ್ತಿದ್ದೆ. "ಆಯ್ತಮ್ಮ, ನೋಡಾಣ" ಎನ್ನುತ್ತಿದ್ದಳು ಮಗಳು. ಬರುತ್ತೇನೆ ಎಂದು ಮಾತ್ರ ಹೇಳುತ್ತಿರಲಿಲ್ಲ.

ಮೊದಲ ಮೊಟ್ಟೆ ಬಿದ್ದದ್ದು ಕೋಳಿ ಮಲಗಲೆಂದು ಇಟ್ಟಿದ್ದ ಟೊಮೆಟೊ ಕ್ರೇಟಿನಲ್ಲಿ. ಬರೀ ಪ್ಲಾಸ್ಟಿಕ್ಕಿನ ತಳ, ಬಿದ್ದದ್ದೇ ಒಡೆಯಿತು. ಇಟ್ಟ ಕೋಳಿಯೇ ತಿರುಗಿ ನಿಂತು ಅದನ್ನು ಕುಕ್ಕಿ ತಿಂದಿತು. ಕೊಕ್ಕಿನಿಂದ ಹಳದಿ ಲೋಳೆ ಜೋತಾಡುತ್ತಿತ್ತು. ನಾನು ಅಡಿಗೆಮನೆಗೆ ಓಡಿ ಬಾಯಿ ಮುಕ್ಕಳಿಸಿದೆ, ತಿಂದದ್ದು ನಾನಲ್ಲದಿದ್ದರೂ.

"ಒಂದು ಸಲ ರುಚಿ ಹತ್ತಿದ್ರೆ ಬಿಡಲ್ಲ ಅವು. ಕೆಳಗೆ ಮೆತ್ತಗೆ ಏನಾರ ಹಾಕ್ರಿ" ಎಂದಳು ಎದುರು ಮನೆಯಾಕೆ. ಬೆಳಿಗ್ಗೆ ಬೆಳಿಗ್ಗೆ ಬಂದು ಮೊಟ್ಟೆ ತೆಗೆದುಕೊಂಡು ಹೋಗಲು ಅವಳು ಒಪ್ಪಿದಳು. ಅವಳ ಮನೆಯಲ್ಲಿ ತಿನ್ನುತ್ತಾರೆ, ನನ್ನ ಕಣ್ಣಿಗೂ ಅದು ಬೀಳುವುದಿಲ್ಲ ಎಂದು ಸಮಾಧಾನಪಟ್ಟೆ.

ಆದರೆ ಬೀಳುತ್ತಿತ್ತು. ಬಡಗಿಯಿಂದ ತಂದ ಮರದ ಹೊಟ್ಟು ಹಾಕಿದರೆ ಮೊಟ್ಟೆ ಅದರ ಮೇಲೆ ಮೆರೆಯುತ್ತ ಕೂತಿರುತ್ತಿತ್ತು, ಹೂವು ಕೊಯ್ಯಲು ಹೋದ ನನಗೇ ಮೊದಲು ಕಾಣುತ್ತಿತ್ತು. ಹೊಟ್ಟು ಹಿಕ್ಕೆಗೆ ಮೆತ್ತಿಕೊಂಡು ಕೋಳಿಯ ಕಾಲಿನ ಜೊತೆ ಜಗಲಿಯವರೆಗೂ ಬರುತ್ತಿತ್ತು. ಗಾಣದ ಮಿಲ್ಲಿನಿಂದ ಶೇಂಗಾ ಸಿಪ್ಪೆ ತಂದು ಹಾಕಿದೆವು. ಅದರಲ್ಲಿ ಉಳಿದಿದ್ದ ಕಾಳಿನ ಚೂರಿಗೆ ಕೆಂಪಿರುವೆ ಸಾಲುಗಟ್ಟಿ ಬಂತು, ಕೋಳಿಗಳು ಕ್ರೇಟು ಬಿಟ್ಟು ನನ್ನ ತುಳಸಿ ಕಟ್ಟೆಯ ಬುಡದಲ್ಲಿ ಮೊಟ್ಟೆ ಇಟ್ಟವು. ತುಳಸಿ ಬುಡದಲ್ಲಿ. ಅಂದು ಆ ಕಟ್ಟೆಯನ್ನು ನಾನು ಎಷ್ಟು ಸಲ ತೊಳೆದೆನೋ.

ಕೊನೆಗೆ ಯಜಮಾನರು ಭೀಮಸಮುದ್ರದ ತಮ್ಮ ನೆಂಟರ ಕಣದಿಂದ ಅಡಿಕೆ ಸಿಪ್ಪೆಯನ್ನು ಚೀಲಗಟ್ಟಲೆ ತರಿಸಿದರು. ಸುಲಿದು ಬಿಸಾಕಿದ ನಾರಿನ ಸಿಪ್ಪೆ, ಹಗುರ, ಮೆತ್ತಗೆ. ಕ್ರೇಟಿನ ತುಂಬ ಸುರಿದೆ. ಕೋಳಿ ಹತ್ತಿ ಕೂತು, ಎದ್ದು ಹೋಯಿತು. ಇಣುಕಿದೆ. ಏನೂ ಇರಲಿಲ್ಲ. ಮೊಟ್ಟೆ ಸಿಪ್ಪೆಯ ಸಂದಿಯಲ್ಲಿ ಜಾರಿ ತಳ ಸೇರಿತ್ತು. ನನಗೆ ಬೇಕಾದದ್ದು ಇದೇ. ಎದುರು ಮನೆಯಾಕೆ ಕೈಯನ್ನು ಮೊಣಕೈವರೆಗೂ ಇಳಿಸಿ ತಡಕಿ ತೆಗೆಯಬೇಕಾಗಿತ್ತು. "ಇದೇನಕ್ಕ, ಇಷ್ಟು ಆಳ ಹಾಕಬಾರ್ದು" ಎಂದಳು. ನಾನು ಕೇಳಿಸದವಳಂತೆ ಒಳಗೆ ಹೋದೆ.

ಅವಳು ತಂಗಿಯ ಮದುವೆಗೆಂದು ಹೊಸದುರ್ಗಕ್ಕೆ ಹೋದಳು. ಹೋದವಳು ಬೇಗ ಬರಲಿಲ್ಲ. ಆ ದಿನಗಳಲ್ಲೇ ಮಳೆ ಹಿಡಿದುಕೊಂಡಿತು. ಕೋಳಿಗಳು ತಮ್ಮ ಪಾಡಿಗೆ ಇಡುತ್ತಿದ್ದವು, ಮೊಟ್ಟೆಗಳು ತಮ್ಮ ಪಾಡಿಗೆ ಮುಳುಗುತ್ತಿದ್ದವು. ಕಾಣದ ಮೊಟ್ಟೆಯ ಚಿಂತೆ ನನಗೇಕೆ? ಅಡಿಕೆ ಸಿಪ್ಪೆ ನೀರು ಹೀರಿ ಕಪ್ಪಾಯಿತು, ಬೂಷ್ಟು ಹಿಡಿಯಿತು. ಆಮೇಲೆ ನಾತ ಶುರುವಾಯಿತು. ಮೊದಲು ಚರಂಡಿ ಎಂದುಕೊಂಡೆವು. ಯಜಮಾನರು ಚರಂಡಿಗೆ ಬ್ಲೀಚಿಂಗ್ ಪೌಡರ್ ಸುರಿದರು. ಪೂಜೆಗೆ ಕೂತರೆ ಊದುಬತ್ತಿಯ ಹೊಗೆಯನ್ನೂ ಸೀಳಿಕೊಂಡು ಬರುತ್ತಿತ್ತು ಅದು. ಒಂದು ದಿನ ಹಿತ್ತಲಲ್ಲಿ ಪಟ್ಟೆಂದು ಸಣ್ಣ ಸದ್ದಾಯಿತು, ನಾತ ಮನೆ ತುಂಬಿತು. ಕೊಳೆತ ಮೊಟ್ಟೆ ತಾನಾಗಿ ಸಿಡಿಯುತ್ತದೆಂದು ನನಗೆ ಗೊತ್ತಿರಲಿಲ್ಲ.

ಯಜಮಾನರು ಪೇಟೆಯಲ್ಲಿ ಕೆಲಸವಿದೆ ಎಂದು ಬೈಕು ಹತ್ತಿದರು. ನಾನು ಸೆರಗನ್ನು ಮೂಗಿಗೆ ಬಿಗಿದು, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಸಿಪ್ಪೆಯನ್ನು ಸಲಿಕೆಯಿಂದ ಎಳೆದೆ. ಹಸಿರುಗಪ್ಪು ಲೋಳೆ, ಅದರಲ್ಲಿ ಹುಳ. ಒಂದು ಮೊಟ್ಟೆ ಸಲಿಕೆಗೆ ತಾಗಿ ಒಡೆದು ನನ್ನ ಸೀರೆಗೆ ಸಿಡಿಯಿತು. ಹೇನು, ಕೋಳಿ ಹೇನು, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣವು, ಚೀಲದ ಬಾಯಿಂದ ನುಗ್ಗಿ ತೋಳಿನ ಮೇಲೆ ಹರಿಯತೊಡಗಿದವು. ನಾನು ಗೋಡೆ ಹಿಡಿದುಕೊಂಡು ವಾಂತಿ ಮಾಡಿದೆ. ತಲೆಯೆತ್ತಿದರೆ ಹಿತ್ತಲ ಬಾಗಿಲಲ್ಲಿ ಮಗಳು ನಿಂತಿದ್ದಳು. ಆಸ್ಪತ್ರೆಗೆ ತೋರಿಸಲು ದುರ್ಗಕ್ಕೆ ಬಂದವಳು, ಹೇಳದೆ ಕೇಳದೆ ಮನೆಗೆ ಬಂದಿದ್ದಳು. ಹೊಟ್ಟೆ ಮುಂದೆ ಬಂದಿತ್ತು, ಮುಖ ಬಿಳಿಚಿತ್ತು.

"ಒಳಗೆ ನಡಿ, ಈ ಹೊಲಸು ನೋಡ್ಬೇಡ" ಎಂದೆ. "ಮನುಷ್ಯರಾದವರು ಇದನ್ನ ಹೆಂಗೆ ಬಾಯಿಗೆ ಇಟ್ಕಂತಾರೋ."

ಅವಳು ಅಲ್ಲಾಡಲಿಲ್ಲ. ನಿಂತಲ್ಲೇ ಹೇಳಿದಳು:

"ನಾನು ಇಟ್ಕಂತೀನಮ್ಮ. ರಕ್ತ ಕಡಿಮೆ ಐತೆ, ದಿನಾ ಮೊಟ್ಟೆ ತಿನ್ನು ಅಂದಿದಾರೆ ಡಾಕ್ಟ್ರು. ಅತ್ತೆ ಹಿತ್ತಲಲ್ಲಿ ಬ್ಯಾರೆ ಒಲೆ ಹೂಡಿ ಬೇಯಿಸಿ ಕೊಡ್ತಾರೆ."

ಬೀಗಿತ್ತಿ ನಮಗಿಂತ ಮಡಿವಂತೆ. ಅವರು ಬೇಯಿಸಿ ಕೊಡುತ್ತಾರೆ.

"ಚೇಳಿಗೆ ಹೆದರಿ ಕಳಿಸ್ತಿಲ್ಲ ಅಂದೆಯಲ್ಲ?"

"ಆ ಮಾತು ಅವರು ಆಡಿದ್ದಲ್ಲ, ನಾನೇ ಹೇಳಿದ್ದು. ಈಗ ನಿನ್ನ ಮುಖ ಹೆಂಗೈತೆ ಅಂತ ಗೊತ್ತಾ? ಆ ಮುಖ ನೋಡ್ಕಂಡು ನಾನು ಹೆಂಗಮ್ಮ ತಿನ್ಲಿ?"

ನನಗೆ ಮೊದಲು ಅವಮಾನವಾಯಿತು, ಆಮೇಲೆ ಬೀಗಿತ್ತಿಯ ಮೇಲೆ ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚೇ ಜಾಸ್ತಿ ಎಂದು ಹೇಳಬೇಕು. ಮಗಳು ಬಸ್ಸು ಹತ್ತಿದ ಮೇಲೆ ಉಳಿದ ಸಿಪ್ಪೆಯನ್ನೆಲ್ಲ ತೆಂಗಿನ ಬುಡಕ್ಕೆ ಗುಂಡಿ ತೋಡಿ ಮುಚ್ಚಿದೆ. ಕ್ರೇಟನ್ನು ಕುದಿಯುವ ನೀರಿನಲ್ಲಿ ತೊಳೆದು, ಸುಣ್ಣ ಬಳಿದು, ಮಳೆ ಬಿಟ್ಟ ಮೇಲೆ ಬಿಸಿಲಿಗೆ ಬೋರಲು ಹಾಕಿದೆ.

ಆಮೇಲೆ ಹಾಸಿಗೆ ಆರಿಸಿದೆ. ಅಲ್ಲಿಯವರೆಗೆ ನಾನು ಆರಿಸಿದ್ದೆಲ್ಲ ಮೊಟ್ಟೆ ನನಗೆ ಕಾಣಬಾರದು ಎಂದು. ಈಗ ಮೊಟ್ಟೆ ಒಡೆಯಬಾರದು, ಹಿಕ್ಕೆ ಮೆತ್ತಬಾರದು, ಇಟ್ಟ ಕೂಡಲೇ ಕಾಣಬೇಕು ಎಂದು ಯೋಚಿಸಬೇಕಾಯಿತು. ಒಣ ರಾಗಿ ಹುಲ್ಲನ್ನು ತರಿಸಿ ಕೈಯಲ್ಲೇ ಕಿತ್ತು ಮೃದು ಮಾಡಿದೆ. ತಳಕ್ಕೆ ಒಲೆಯ ಬೂದಿ, ಹೇನು ಬರದಿರಲೆಂದು ಒಣಗಿಸಿದ ಬೇವಿನ ಸೊಪ್ಪು, ಅದರ ಮೇಲೆ ಹುಲ್ಲು. ಒದ್ದೆಯಾದರೆ ಅಂದೇ ಬದಲಾಯಿಸಿದೆ. ಯಜಮಾನರು ನೋಡಿ, "ನನ್ನ ಹಾಸಿಗೆನೂ ಇಷ್ಟು ಚೆನ್ನಾಗಿ ಹಾಸಲ್ವಲ್ಲೇ" ಎಂದರು. ಪೇಟೆಗೆ ಓಡಿಹೋದವರ ಜೊತೆ ನನಗೆ ಮಾತಿರಲಿಲ್ಲ.

ಫೋನು ಮಾಡಿ, ಮೊಟ್ಟೆಗೆಂದು ಹುಲ್ಲು ಹಾಸಿದ್ದೇನೆ, ಬಾ ಎಂದಷ್ಟೇ ಹೇಳಿದೆ. ಮಗಳು ಆ ತಿಂಗಳು ಮುಗಿಯುವ ಮೊದಲೇ ಬಂದಳು.

ಬಂದ ಮರುದಿನ ಕೋಳಿ ಕೊಕ್ ಕೊಕ್ ಎಂದು ಊರಿಗೆಲ್ಲ ಸಾರಿತು. ಎದುರು ಮನೆಯಾಕೆ ಊರಿನಿಂದ ಬಂದಿದ್ದಳು, ಕರೆದರೆ ಓಡಿ ಬರುತ್ತಿದ್ದಳು. ಕರೆಯಲಿಲ್ಲ. ರಾಗಿ ಹುಲ್ಲಿನ ಮೇಲೆ ಮೊಟ್ಟೆ ಕೂತಿತ್ತು, ಒಂದು ಚೂರೂ ಹೊಲಸಿಲ್ಲದೆ. ಕೈ ಹಾಕಿದೆ. ಬಿಸಿಯಿತ್ತು. ಮೊಟ್ಟೆ ಬಿಸಿಯಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಆ ಬಿಸಿಗೆ ಮೈಯೆಲ್ಲ ಮುಳ್ಳೆದ್ದು ಇನ್ನೇನು ಎಸೆದುಬಿಡುವುದರಲ್ಲಿದ್ದೆ. ಎಸೆಯಲಿಲ್ಲ. ಹಿತ್ತಲಲ್ಲಿ ಮೂರು ಇಟ್ಟಿಗೆ ಹೂಡಿ, ಅದಕ್ಕೆಂದೇ ಕೊಂಡ ಪಾತ್ರೆಯಲ್ಲಿ ಬೇಯಿಸಿದೆ. ಸುಲಿಯುವಾಗ ಎದ್ದ ವಾಸನೆಗೆ ಉಸಿರು ಬಿಗಿಹಿಡಿದೆ.

ತಟ್ಟೆಯಲ್ಲಿಟ್ಟು ಮಗಳ ಮುಂದೆ ತಂದಿಟ್ಟೆ. ಅವಳು ಮೊಟ್ಟೆಯನ್ನು ನೋಡಲಿಲ್ಲ. ನನ್ನ ಮುಖ ನೋಡಿದಳು. ಸೆರಗು ಹಿಡಿದ ಕೈ ಮೂಗಿನತ್ತ ಹೋಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವಳ ಎದುರಿಗೇ ಕೂತೆ.

"ಉಪ್ಪು ಹಾಕ್ಲಾ?" ಎಂದೆ.