ಬೇಗ ಬೆಳಗಾದ ಚಿತ್ರ

ಬೆಳಗಿನ ಐದು ಗಂಟೆ. ಶಿಗೆನೊ ಕಾಜಿವಾರಾ ಕಾಗದಕ್ಕೆ ಕೆನ್ನೆ ಒತ್ತಿ ನೋಡುತ್ತಿದ್ದಾರೆ. ನಿನ್ನೆ ನೀರು ಸವರಿ ಅಡಕಿಟ್ಟ ನೂರು ಹಾಳೆ. ಒದ್ದೆ ಹೆಚ್ಚಾದರೆ ಬಣ್ಣ ಹರಡುತ್ತದೆ, ಕಮ್ಮಿಯಾದರೆ ಹಿಡಿಯುವುದೇ ಇಲ್ಲ. "ಕೈ ಜಡ್ಡುಗಟ್ಟಿದೆ, ಅದಕ್ಕೇನೂ ಗೊತ್ತಾಗಲ್ಲ. ಕೆನ್ನೆಗೆ ಗೊತ್ತಾಗುತ್ತೆ," ಎನ್ನುತ್ತಾರೆ ಅರವತ್ತೊಂಬತ್ತರ ಈ ಅಜ್ಜಿ.

ಟೋಕಿಯೊದ ಅರಕಾವಾದಲ್ಲಿ, ಟ್ರಾಮ್ ಹಳಿಯ ಹಿಂದಿನ ಓಣಿಯಲ್ಲಿ, ನಲವತ್ತೈದು ವರ್ಷದಿಂದ ಅವರು ಮರದ ಅಚ್ಚಿನಿಂದ ಚಿತ್ರ ಒತ್ತುತ್ತಿದ್ದಾರೆ. ಹಾಳೆಗೆ ಹದಿನಾಲ್ಕು ಒತ್ತು, ನೂರು ಹಾಳೆಗೆ ಸಾವಿರದ ನಾನೂರು. ಬಲಭುಜ ಎತ್ತಿದರೆ ಲಟಲಟ ಎನ್ನುತ್ತದೆ. ಚಿತ್ರದ ಅಂಚಿನಲ್ಲಿ ಕಲಾವಿದನ ಹೆಸರಿದೆ, ಮಾರುವ ಅಂಗಡಿಯ ಮುದ್ರೆಯಿದೆ. ಒತ್ತಿದವರ ಸುಳಿವೇ ಇಲ್ಲ.

ಹೋದ ವಾರ ಆ ಅಂಗಡಿ ನಡೆಸುವ ಕುಸುಮಿ ಎಂಬವರು ಒಂದು ಹಳೆಯ ಹಾಳೆ ತಂದರು. 'ಸಂಜೆಯ ದೋಣಿ'. ಆ ಚಿತ್ರದ ಆಕಾಶ ಮೇಲೆ ಕಡುನೀಲಿ, ಗುಡ್ಡದತ್ತ ಇಳಿದಂತೆ ತಿಳಿ. ಈ ಹಾಳೆಯಲ್ಲಿ ಮಾತ್ರ ಅದಲುಬದಲು: ಗುಡ್ಡದ ಬಳಿ ಕತ್ತಲೆ, ಮೇಲೆ ಬೆಳಕು.

"ಅಮ್ಮಾ, ಇದನ್ನ 'ಮುಂಜಾನೆ ಮುದ್ರಣ' ಅಂತಾರೆ. ಸಂಗ್ರಾಹಕರು ಮುಗಿಬೀಳ್ತಾರೆ. ನಿಮ್ಮ ಗುರು ತಮೆಗೊರೊ ಅವರ ಪ್ರಯೋಗವಂತೆ. ಇಂಥವೇ ನೂರು ಬೇಕು."

ಶಿಗೆನೊ ಹಾಳೆ ಮಗುಚಿದರು. ಹಾಳೆಯ ಬೆನ್ನಿನ ಮೇಲೆ, ಅಚ್ಚಿಗೆ ಒತ್ತುವಾಗ ಉಜ್ಜಿದ ಗುರುತು ನೋಡಿದ ಕೂಡಲೇ ತಮ್ಮ ಕೈ ಗೊತ್ತಾಯಿತು.

"ಪ್ರಯೋಗ ಎಲ್ಲಿಂದ ಬಂತಪ್ಪಾ? ನಲವತ್ತೊಂದು ವರ್ಷದ ಹಿಂದೆ ನಾನು ಮಾಡಿದ ಎಡವಟ್ಟಿದು. ಗುರುಗಳು ಜ್ವರ ಬಂದು ಮಲಗಿದ್ರು. ಅಚ್ಚಿನ ಮೇಲಂಚಿಗೆ ಹಾಕೋ ಬಣ್ಣ ಕೆಳಗೆ ಹಾಕಿದೆ. ಎಷ್ಟು ನುಣ್ಣಗೆ ಬರ್ತಿದೆ ಅಂತ ಬೀಗ್ತಾ ಬೀಗ್ತಾ ಅರವತ್ತು ಹಾಳೆ ಒತ್ತಿಬಿಟ್ಟೆ. ಅಂಗಡಿಯವರ ಮುಂದೆ ಗುರುಗಳು 'ಇದು ನಾನೇ ಮಾಡಿದ್ದು' ಅಂದ್ರು. ಈ ಸಲ ನಿಜ ಬರೆದೇ ಮಾರಬೇಕು."

"ತಪ್ಪು ಅಂತ ಬರೆದ್ರೆ ಯಾರು ಕೊಳ್ತಾರೆ? ಆರ್ಡರ್ ಕೈಬಿಟ್ಟು ಹೋಗುತ್ತೆ."

"ಹೋಗ್ಲಿ. ಇನ್ನೊಂದು ಸಲ ಅವರ ತಲೆಗೆ ಕಟ್ಟಿ ನಾನು ಒತ್ತಲ್ಲ."

ಈ ವರ್ಷ ಬಂದ ದೊಡ್ಡ ಕೆಲಸ ಅದೊಂದೇ. ಮೂರು ದಿನ ಕುಸುಮಿಯ ಸುದ್ದಿಯಿಲ್ಲ; ಶಿಗೆನೊಗೆ ಊಟ ಸೇರಲಿಲ್ಲ. ನಾಲ್ಕನೆಯ ದಿನ ಕುಸುಮಿ ಕಾಗದದ ಕಟ್ಟು, ಅಕ್ಕಿಯ ಬಿಸ್ಕತ್ತು ಹಿಡಿದು ಬಂದರು. ಪ್ರತಿ ಹಾಳೆಯ ಜೊತೆ ನಿಜ ಬರೆದ ಚೀಟಿ ಇಡಲು ಒಪ್ಪಿದ್ದಾರೆ.

ಅಂದು ಗುರುಗಳು ಬೈಯಲಿಲ್ಲವೇ ಎಂದು ಕೇಳಿದರೆ ಶಿಗೆನೊ ಹೇಳುತ್ತಾರೆ: "ಹಾಳೆ ಮಗುಚಿ ನೋಡಿದ್ರು. 'ಕೈ ಹದವಾಗಿದೆ, ಬೆಳಗಾಗಿದ್ದು ಮಾತ್ರ ಸ್ವಲ್ಪ ಬೇಗ' ಅಂದ್ರು, ಅಷ್ಟೇ."

ಈಗ ಅವರು ಬ್ರಷ್ ಎತ್ತುತ್ತಾರೆ. ಅಭ್ಯಾಸಬಲದಿಂದ ಕೈ ಮೇಲಂಚಿಗೇ ಹೋಗುತ್ತದೆ. ಮೊದಲ ಹಾಳೆಯಲ್ಲಿ ಅಚ್ಚುಕಟ್ಟಾದ ಸಂಜೆ! ಶಿಗೆನೊ ನಕ್ಕು ಅದನ್ನು ಪಕ್ಕಕ್ಕಿಡುತ್ತಾರೆ. ಎರಡನೆಯದಕ್ಕೆ ಬಣ್ಣ ಕೆಳಗೆ ಹಾಕುತ್ತಾರೆ; ಆಕಾಶದ ಮೇಲ್ತುದಿಯಲ್ಲಿ ಬೆಳಕು ಹರಿಯುತ್ತದೆ.

ಚೀಟಿಯಲ್ಲಿ ಏನು ಬರೆಯಲಿ ಎಂದು ಕುಸುಮಿ ಕೇಳಿದ್ದಾರೆ. "'ಇದು ಶಿಗೆನೊ ಮಾಡಿದ ತಪ್ಪು' ಅಂತ ಬರೀರಿ, ಸಾಕು," ಎನ್ನುತ್ತಾರೆ ಅಜ್ಜಿ. "ಹಾಗಾದ್ರೂ ನನ್ನ ಹೆಸರು ಒಂದು ಸಲ ಚಿತ್ರದ ಜೊತೆ ಹೋಗ್ಲಿ."