ಕೊಳಾಯಿ ಕಡೆ ಮುಚ್ಚುತ್ತಿದ್ದ ಕಣ್ಣು

ನನ್ನ ಗಂಡ ತಮಿಳು ಸೀಮೆಗೆ ಬಂದು ಪ್ಯಾರೀಸ್ ಕಾರ್ನರ್‌ನ ಒಂದು ಉಡುಪಿ ಹೋಟೆಲಿನಲ್ಲಿ ಬಡಿಸುತ್ತಿದ್ದರು. ನಾವಿದ್ದದ್ದು ಅಲ್ಲೇ ಹಿಂದಿನ ಗಲ್ಲಿಯಲ್ಲಿ, ಒಂದೇ ಅಂಗಳದ ಸುತ್ತ ನಾಲ್ಕಾರು ಬಾಡಿಗೆ ಸಂಸಾರಗಳಿದ್ದ ಮನೆಯಲ್ಲಿ. ಎಲ್ಲರಿಗೂ ಸೇರಿ ಒಂದೇ ಕೊಳಾಯಿ, ಅದು ನಮ್ಮ ಜಗಲಿಯ ಎಡಕ್ಕೆ. ಒಂದು ಬೆಳಿಗ್ಗೆ ಇವರು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಎದುರುಮನೆಯ ತಮಿಳು ಹೆಂಗಸು ಕೊಡ ಹಿಡಿದು ಬಂದಳು. ಇವರ ಒಂದು ಕಣ್ಣು ಟಪ್ಪನೆ ಮುಚ್ಚಿತು. ಮರುದಿನವೂ ಹಾಗೇ.

ನಾನು ಮೊದಲೇ ಸಂಶಯದ ಪ್ರಾಣಿ. ಅವಳು ಮುಡಿದ ಮಲ್ಲಿಗೆಗೂ ಅರ್ಥ ಹಚ್ಚಿದೆ. ಇವರು ನಡೆಯುವಾಗ ಕೊಂಚ ಓಲಾಡುತ್ತಿದ್ದರು; ಪಾನನಿಷೇಧದ ಊರಿನಲ್ಲೂ ಎಲ್ಲೋ ಕುಡಿಯುತ್ತಿದ್ದಾರೆಂದು ಬಿಚ್ಚಿಟ್ಟ ಅಂಗಿಯನ್ನು ಮೂಸಿದೆ. ಒಗ್ಗರಣೆಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಅದರಿಂದಲೂ ನನಗೆ ಸಮಾಧಾನವಾಗಲಿಲ್ಲ.

ಚೌತಿಯ ದಿನ ಇವರಿಗೆ ಎಲೆ ಹಾಕಿ, ಎಡಗಡೆ, ಹಬ್ಬದೂಟಕ್ಕೆ ಬಂದಿದ್ದ ಮೈದುನನಿಗೂ ಒಂದು ಹಾಕಿದೆ. ಅವನು ಕೈಕಾಲು ತೊಳೆಯಲು ಹೋಗಿದ್ದ. ಪಂಕ್ತಿಯಲ್ಲಿ ಹಾಕಿದ ಎಲೆಗೆಲ್ಲ ಜನ ಬಂದು ಕೂರದೆ ನಮ್ಮಲ್ಲಿ ಯಾರೂ ತುತ್ತೆತ್ತುವುದಿಲ್ಲ.

"ಮೂರನೇ ಎಲೆ ಯಾರಿಗೆ? ಅವರೂ ಬರಲಿ," ಎಂದರು, ಎಡಕ್ಕೆ ಕಣ್ಣು ಹೊರಳಿಸಿ.

ನನ್ನ ಮೈ ಉರಿದುಹೋಯಿತು. "ಯಾರನ್ನು ಕರೆದಿದ್ದೀರಿ? ಅವಳನ್ನಾ?"

"ಎಂತ ಮಾರಾಯ್ತಿ, ಎಲೆ ಹಾಕಿದವಳು ನೀನು!"

"ಎಲ್ಲಿದೆ? ಮುಟ್ಟಿ ತೋರಿಸಿ."

ಕೈ ಚಾಚಿದರು. ಬೆರಳು ಬರಿನೆಲಕ್ಕೆ ತಾಗಿತು. ಅವರ ಮುಖ ಬಿಳಿಚಿಕೊಂಡಿತು.

"ಎಡಕ್ಕೆ ನೋಡಿದ್ರೆ ಎಲ್ಲ ಎರಡೆರಡು ಕಾಣ್ತದೆ. ಒಂದು ಕಣ್ಣು ಮುಚ್ಚಿದ್ರೆ ಸರಿ ಆಗ್ತದೆ. ಗೊತ್ತಾದ್ರೆ ಹೋಟೆಲಲ್ಲಿ ಇಟ್ಟುಕೊಳ್ತಾರಾ?"

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಬೆರಳನ್ನು ಎಡಕ್ಕೆ ಸರಿಸಿದರು. ಒಂದು ಕಣ್ಣು ಬೆರಳಿನ ಹಿಂದೆ ಹೋಯಿತು, ಇನ್ನೊಂದು ನಡುವಿನಲ್ಲೇ ನಿಂತುಬಿಟ್ಟಿತು. ನೋಡಿ ನನಗೆ ಹೆದರಿಕೆಯಾಯಿತು. ಕಣ್ಣು ಚೆನ್ನಾಗಿಯೇ ಇದೆ, ಮಿದುಳಿನ ಬುಡದಲ್ಲಿ ಎರಡೂ ಕಣ್ಣನ್ನು ಒಟ್ಟಿಗೆ ತಿರುಗಿಸುವ ನರದ ದಾರಿಗೆ ಪೆಟ್ಟಾಗಿದೆ, ರಕ್ತ ಕಟ್ಟಿರಬೇಕು, ಎಂದರು ಡಾಕ್ಟರು. ಕೊಳಾಯಿ ಎಡಕ್ಕಿದೆಯಲ್ಲ, ಅದಕ್ಕೇ ಕಣ್ಣು ಮುಚ್ಚುತ್ತಿದ್ದೆ, ಎಂದರು ಇವರು. ಡಾಕ್ಟರೂ ಗಂಡಸು, ಇವರೂ ಗಂಡಸು. ನಾನು ಪೂರ್ತಿ ನಂಬಲಿಲ್ಲ.

ಮರುದಿನ ಬೆಳಿಗ್ಗೆ, ಆ ಹೆಂಗಸು ಬರುವ ಹೊತ್ತಿಗೆ ಸರಿಯಾಗಿ ನಾನೇ ಕೊಡ ಹಿಡಿದು ಕೊಳಾಯಿಗೆ ಹೋದೆ. ನೀರು ಬಿಟ್ಟು, ಸೆರಗು ಸರಿಮಾಡಿಕೊಂಡು, ಜಗಲಿಯ ಕಡೆ ತಿರುಗಿದೆ.

ಇವರು ಎಡಕ್ಕೆ ನೋಡಿದರು. ನನಗೂ ಒಂದು ಕಣ್ಣು ಮುಚ್ಚಿದರು. ಕೊಡ ತುಂಬಿ ಹರಿಯುತ್ತಿದ್ದರೂ ನಾನು ಅಲ್ಲೇ ನಿಂತು ಅತ್ತುಬಿಟ್ಟೆ.