ಮುಯ್ಯಿಗೆ ಕರೆಯದ ವರ್ಷ

ಎದೆಯ ಗಂಟು ನನಗೆ ಗೊತ್ತಾದದ್ದು ಚಂದ್ರಿಕೆಯಿಂದ. ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುವ ಆ ಅಗಲವಾದ ಬಿದಿರಿನ ತಟ್ಟಿಯನ್ನು ಎದೆಗೆ ಒತ್ತಿ ಹಿಡಿದು ಅಂಗಳಕ್ಕೆ ಸಾಗಿಸುತ್ತಿದ್ದೆ. ಅಂಚು ಎಡಗಡೆ ಒತ್ತಿದಲ್ಲಿ ಏನೋ ಗಟ್ಟಿಯಾಗಿ ತಡೆಯಿತು. ನೋವಿರಲಿಲ್ಲ. ತಟ್ಟಿ ಇಳಿಸಿ ಸೆರಗಿನ ಮರೆಯಲ್ಲಿ ಬೆರಳಿಟ್ಟು ನೋಡಿದೆ. ಹುಣಸೆಬೀಜದಷ್ಟಿತ್ತು.

ಕೊಳ್ಳೇಗಾಲದ ಡಾಕ್ಟರು ಮುಟ್ಟಿ ನೋಡಿ ಮೈಸೂರಿಗೆ ಬರೆದುಕೊಟ್ಟರು. ಆಪರೇಷನ್ ಆಯಿತು, ಕೀಮೋ ಆಯಿತು, ಕೂದಲು ಹೋಗಿ ಮತ್ತೆ ಬಂತು. ಸದ್ಯಕ್ಕೆ ಏನೂ ಉಳಿದಿಲ್ಲ ಎನ್ನುತ್ತಾರೆ. ಎಡಗೈಯಲ್ಲಿ ಭಾರ ಎತ್ತಬಾರದು, ಅಷ್ಟೆ. ಆದರೆ ರೊಟ್ಟಿ ತಟ್ಟುವಾಗ, ಬಸ್ಸಿನಲ್ಲಿ ಕೂತಾಗ, ಆ ಬೆಳಿಗ್ಗೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅಂದು ತಟ್ಟಿಯನ್ನು ತಲೆಯ ಮೇಲೆ ಹೊತ್ತಿದ್ದರೆ? ಬಲಕ್ಕೆ ಒರಗಿಸಿಕೊಂಡಿದ್ದರೆ? ನೆನಪಿನಲ್ಲಿ ಪ್ರತಿ ಸಲವೂ ತಟ್ಟಿ ಬಲಕ್ಕೆ ಸರಿಯುತ್ತದೆ, ಗಂಟು ಯಾರಿಗೂ ಕಾಣದೆ ಬೆಳೆಯುತ್ತದೆ.

ನಮ್ಮ ಮಧುವನಹಳ್ಳಿಯಲ್ಲಿ ಹುಳು ಹಣ್ಣಾದವೆಂದರೆ, ಅಂದರೆ ಸೊಪ್ಪು ಬಿಟ್ಟು ಗೂಡಿಗೆ ತಯಾರಾದವೆಂದರೆ, ಅವತ್ತೇ ಆಯ್ದು ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನಲ್ಲೇ ನೂಲು ಸುತ್ತಿ ಬೆಳೆ ಕೆಡುತ್ತದೆ. ಅದಕ್ಕೇ ಕೇರಿಯ ಹೆಂಗಸರಲ್ಲಿ ಮುಯ್ಯಿ. ಇಂದು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಕರೆಯದೆ ಮಾತ್ರ ಯಾರೂ ಇನ್ನೊಬ್ಬರ ಹುಳುಮನೆಯೊಳಗೆ ಕಾಲಿಡುವುದಿಲ್ಲ.

ನಾನು ಆಸ್ಪತ್ರೆಯಿಂದ ಬಂದ ಮೇಲೆ ನನ್ನನ್ನು ಯಾರೂ ಮುಯ್ಯಿಗೆ ಕರೆಯಲಿಲ್ಲ. ನೋಡಲು ಬಂದರು, ಹಾಲು ತಂದರು, ಮುಯ್ಯಿಯ ಮಾತು ಎತ್ತಲಿಲ್ಲ. ಬೆಳಿಗ್ಗೆ ಅವರೆಲ್ಲ ಮಾತಾಡುತ್ತ ನಮ್ಮ ಬಾಗಿಲು ದಾಟಿ ಹೋಗುವುದು ಕೇಳಿಸುತ್ತಿತ್ತು. ಘಾಟು ವಾಸನೆ ಹುಳುಗಳಿಗೆ ಆಗದು. ನನ್ನ ಮೈಯಲ್ಲಿ ಆಸ್ಪತ್ರೆಯ ವಾಸನೆ ಇದೆಯೆಂದು ದೂರವಿಟ್ಟರು ಅಂದುಕೊಂಡೆ. ಇದು ಅಂಟುವ ಕಾಯಿಲೆಯಲ್ಲ ಎಂದು ವಿವರಿಸುವಷ್ಟು ಓದಿದ್ದೇನೆ. ಯಾರೂ ಕೇಳಲಿಲ್ಲ. ಕೊನೆಗೆ ನಮ್ಮದೇ ಹುಳುಮನೆಗೆ ಹೋಗುವುದನ್ನೂ ನಾನು ಬಿಟ್ಟೆ.

ನನ್ನ ಕಾಯಿಲೆಯ ಮೇಲೆ ಯಜಮಾನರು ಹುಳು ಇಟ್ಟದ್ದು ಈ ಸಲವೇ ಮೊದಲು. ಹುಳು ಹಣ್ಣಾಗುವ ಹಿಂದಿನ ದಿನ ಅವರು, "ಓಗಿ ಎಲ್ರನ್ನೂ ಕರ್ದುಟ್ಟು ಬಾ" ಎಂದರು.

"ನಾನು ಯಾರ ಮನೇಗೂ ಓಗಿಲ್ಲ. ಯಾವ ಮುಖ ಇಟ್ಕಂಡು ಕರೀಲಿ?"

ಬೆಳೆ ಹೋದರೆ ಹೋಗಲಿ, ಕರೆದೂ ಯಾರೂ ಬಾರದಿದ್ದರೆ ಈ ಕೇರಿಯಲ್ಲಿ ಹೇಗೆ ಬದುಕುವುದು ಎಂಬುದೇ ನನ್ನ ಹೆದರಿಕೆ. ಕರೆಯಲು ಹೋಗಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದರೆ ಹಿಂದಿನ ಮನೆಯ ದೊಡ್ಡವ್ವ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಳು. ಅವಳ ಹಿಂದೆ ಯಳಂದೂರಿನಿಂದ ಮದುವೆಯಾಗಿ ಬಂದ ಅವಳ ಸೊಸೆ, ಅವರ ಹಿಂದೆ ಕೇರಿಯ ಹೆಂಗಸರು.

"ಏನ್ ಕೂಸೇ, ಉಳ ಅಣ್ಣಾಗಿರದು ಊರ್ಗೆಲ್ಲ ಗೊತ್ತು. ಒಂದ್ ಮಾತು ಏಳ್ಬಾರ್ದಾ?"

"ನೀವು ನನ್ನ ಕರೀನಿಲ್ವಲ್ಲ ದೊಡ್ಡವ್ವಾ."

ಅವಳು ಚೊಂಬು ಕೆಳಗಿಟ್ಟಳು. "ಕರುದ್ರೆ ನೀನು ಬರ್ದೆ ಇರ್ತಿದ್ಯಾ? ಮುಯ್ಯಿ ತೀರುಸ್ಬೇಕು ಅಂತ ಆ ಕೈಲೇ ತಟ್ಟಿ ಒತ್ಕಬುಡ್ತಿದ್ದೆ. ಅದ್ಕೇ ಬಾಯ್ ಮುಚ್ಕಂಡಿದ್ವಿ."

"ಕರೀಬ್ಯಾಡಿ ಅಂತ ಇವ್ರೇ ನಮ್ಗೆಲ್ಲ ಆಣೆ ಆಕ್ಸಿದ್ರು ಅಕ್ಕಾ," ಎಂದಳು ಸೊಸೆ. "ನಮ್ಮತ್ತೆ ಒಟ್ಟೇಲಿ ಇಷ್ಟ್ ದಿನ ಗುಟ್ಟು ಎಂಗ್ ಉಳ್ಕತೋ!"

ವಾಸನೆಯ ಮಾತನ್ನು ನಾನೇ ಕೇಳಿಬಿಟ್ಟೆ. ದೊಡ್ಡವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ ಗಂಡ ಬೀಡಿ ಸೇದ್ಕಂಡೇ ಒಳಕ್ ನುಗ್ತಾನೆ. ಅದ್ಕೇ ಸಾಯ್ದಿರೋ ಉಳ ನಿನ್ ವಾಸ್ನೆಗೆ ಸಾಯ್ತವಾ?"

ಎಲ್ಲರೂ ನಕ್ಕರು. ನನಗೆ ನಗುವಿಗಿಂತ ಸಿಟ್ಟೇ ಮೊದಲು ಬಂತು. "ಇನ್ಮೇಲೆ ಕರೀರಿ. ತಟ್ಟಿ ಒರಲ್ಲ, ಕೂತ್ಕಂಡು ಆಯ್ತೀನಿ," ಎಂದೆ. ಎಲ್ಲರ ಜೊತೆ ನಾನೂ ಹುಳುಮನೆಯೊಳಗೆ ಹೋದೆ.

ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಬಲಗೈಯಲ್ಲಿ ಆಯತೊಡಗಿದೆ. ಹಣ್ಣಾದ ಹುಳು ಬೆರಳಿಗೆ ತಣ್ಣಗೆ, ಮೆತ್ತಗೆ ತಾಗುತ್ತದೆ. ಅದನ್ನು ಮರೆತೇಬಿಟ್ಟಿದ್ದೆ. ಅಷ್ಟರಲ್ಲಿ ದೊಡ್ಡವ್ವನ ಸೊಸೆ ತುಂಬಿದ ಚಂದ್ರಿಕೆಯೊಂದನ್ನು ಎದೆಗೆ ಒತ್ತಿ ಎತ್ತಿದಳು.

"ನಿಲ್ಲು," ಎಂದೆ.

ಅವಳು ನಿಂತಳು. ಉಳಿದವರ ಕೈಗಳೂ ನಿಂತವು. ತಟ್ಟಿ ಒತ್ತಿದ್ದು, ತಡೆದದ್ದು, ಹುಣಸೆಬೀಜದಷ್ಟು ಇದ್ದದ್ದು, ನೋವೇ ಇಲ್ಲದ್ದು, ಎಲ್ಲ ಹೇಳಿದೆ. ಆ ಬೆಳಿಗ್ಗೆಯನ್ನು ಅದುವರೆಗೂ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

"ಎಂಗ್ ನೋಡ್ಕಬೇಕು?" ಎಂದು ದೊಡ್ಡವ್ವ ಮೆಲ್ಲಗೆ ಕೇಳಿದಳು. ಆಸ್ಪತ್ರೆಯ ನರ್ಸಮ್ಮ ಕಲಿಸಿದಂತೆ ಬೆರಳು ಚಪ್ಪಟೆ ಮಾಡಿ, ಸುತ್ತಿಸಿ ತೋರಿಸಿದೆ. ಒಬ್ಬೊಬ್ಬರೇ ಗೋಡೆಯ ಕಡೆ ತಿರುಗಿ ಸೆರಗಿನೊಳಗೆ ಕೈ ಇಟ್ಟರು. ಹುಳುಗಳು ಸೊಪ್ಪಿನ ಮೇಲೆ ಹರಿದಾಡುವ ಸದ್ದು ಮಾತ್ರ ಕೇಳುತ್ತಿತ್ತು.

"ಇನ್ನೊಂದ್ ಚಂದ್ರಿಕೆ ತರ್ಲಾ?" ಎಂದು ಯಜಮಾನರು ಬಾಗಿಲ ಹತ್ತಿರ ಬಂದರು.

"ಆಚೇಲೇ ಇರಪ್ಪಾ!" ದೊಡ್ಡವ್ವ ಕಿರುಚಿದಳು.

ಹೊತ್ತು ಇಳಿಯುವಷ್ಟರಲ್ಲಿ ಹುಳುಗಳೆಲ್ಲ ಚಂದ್ರಿಕೆ ಸೇರಿದವು.

ಕೆಲವು ದಿನಗಳಾದ ಮೇಲೆ ದೊಡ್ಡವ್ವ ಬೇಲಿಯಾಚೆಯಿಂದಲೇ ಕೂಗಿದಳು. "ನಾಳೀಕೆ ನಮ್ಮನೆ ಉಳ ಅಣ್ಣಾಯ್ತವೆ. ಬಾರವ್ವ ಮುಯ್ಯಿಗೆ."

ಬೆಳಿಗ್ಗೆ ಹೊರಟಾಗ ದಾರಿಯಲ್ಲಿ ಅದೇ ನೆನಪು ಶುರುವಾಯಿತು. ತಟ್ಟಿ ಎದೆಗೆ ಬಂತು, ಬಲಕ್ಕೆ ಸರಿಯತೊಡಗಿತು. ಅದು ಪೂರ್ತಿ ಸರಿಯುವ ಮೊದಲೇ ಅವರ ಅಂಗಳ ಬಂತು. ಚೊಂಬಿನಲ್ಲಿ ನೀರಿಟ್ಟಿದ್ದರು. ಕಾಲು ತೊಳೆದುಕೊಂಡು ಒಳಗೆ ಹೋದೆ.